ಊರಿಗೆ ಒಳ್ಳೇದು ಮಾಡೋ ನೌಕರಿ

ಕಾರ್ಖಾನೆಯ ದುಡ್ಡಿನಲ್ಲಿ ಊರಿಗೆ ಒಳ್ಳೇದು ಮಾಡುವ ನೌಕರಿಗೆ ಸೇರಿದರೆ ವಾರಕ್ಕೊಂದು ಫಜೀತಿ ಗ್ಯಾರಂಟಿ. ನಾನು ಕುಷ್ಟಗಿ ಕಡೆಯವನು, ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಕಂಪನಿಗಳು ಲಾಭದಲ್ಲಿ ಒಂದಿಷ್ಟನ್ನು ಊರುಗಳಿಗೆ ಖರ್ಚು ಮಾಡಲೇಬೇಕು ಅಂತ ಕಾನೂನು ಬಂದ ಹೊಸತರಲ್ಲಿ ಕೊಪ್ಪಳದ ಹತ್ತಿರದ ಕಾರ್ಖಾನೆಯೊಂದು ನನ್ನನ್ನು ತೆಗೆದುಕೊಂಡಿತು. ಆರು ತಿಂಗಳು ನೋಡುತ್ತೇವೆ, ಆಗದಿದ್ದರೆ ಮನೆಗೆ ಅಂದಿದ್ದರು. ಜೊತೆಗಿದ್ದವರೆಲ್ಲ ಸಮಾಜಸೇವೆಯನ್ನೇ ಓದಿ ಪಾಸಾದವರು. ಈ ಕೆಲಸ ನನಗೆ ಬರುವುದಿಲ್ಲ ಅನ್ನುವುದು ನನಗೆ ಮೊದಲ ದಿನವೇ ಖಾತ್ರಿಯಾಗಿತ್ತು. ಅದು ಅವರಿಗೆ ಯಾವಾಗ ಗೊತ್ತಾಗುತ್ತದೋ ಅನ್ನುವುದೊಂದೇ ಹೆದರಿಕೆ.

೧. ಊರೆಲ್ಲ ಆರಾಮ

ಯಲಬುರ್ಗಾ ತಾಲೂಕಿನ ಒಂದು ಊರಿನಲ್ಲಿ ಏನೇನು ಕೊರತೆ ಇದೆ ಅಂತ ಮನೆಮನೆಗೆ ಹೋಗಿ ಫಾರಂ ತುಂಬಬೇಕಿತ್ತು. ಬಸ್ಸಿಳಿದು ಮೊದಲ ಮನೆಗೆ ಹೋದರೆ ಅಲ್ಲಿದ್ದ ಅಜ್ಜಿ ಚಾಪೆ ಹಾಸಿ, ಚಹಾ ಕೊಟ್ಟು ಕೂರಿಸಿದಳು. ನೀರು ಬರುತ್ತದಾ ಅಂದೆ, ಬರುತ್ತದೆ ಅಂದಳು. ರಸ್ತೆಯೂ ಛಲೋ, ದವಾಖಾನೆಯೂ ಛಲೋ. ಉಳಿದ ಮನೆಗಳಲ್ಲೂ ಇದೇ ಉತ್ತರ. ಫಾರಂ ನೋಡಿದ ಮ್ಯಾನೇಜರು, ಇಂಥ ಸುಖದ ಊರಿಗೆ ನೀವ್ಯಾಕೆ ಬೇಕು ಅಂತ ಕೇಳಿದರು.

ಮರುದಿನ ಹೋದರೆ ಅದೇ ಅಜ್ಜಿ ದೂರದ ಹೊಲದ ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದಳು. ಮತ್ತೆ ನೀರು ಬರುತ್ತದೆ ಅಂದಿರಲ್ಲ ಅಂದೆ.

"ಮನಿಗೆ ಬಂದವರ ಮುಂದ ಅದಿಲ್ಲ ಇದಿಲ್ಲ ಅಂತ ಅಳಾಕ ಬರ್ತೈತೇನಪ್ಪ? ನೀ ಚಹಾ ಕುಡಿಯೂದ್ರಾಗ ನನ್ನ ಸೊಸಿನ್ನ ಓಡಿಸಿ ಎಲ್ಲಾ ಮನಿಗೂ ಹೇಳಿ ಕಳಿಸಿದ್ದೆ, ಊರ ಮರ್ಯಾದಿ ಕಳೀಬ್ಯಾಡ್ರಿ ಅಂತ."

೨. ಗೀಟು ಬೀಳದ ಬೆಂಚು

ಅದೇ ಊರಿನ ಶಾಲೆಗೆ ಬೆಂಚು ಕೊಡಿಸಿದೆ. ಒಂದಾದರೂ ನೆಟ್ಟಗಾಯಿತಲ್ಲ ಅಂತ ಸಮಾಧಾನಪಟ್ಟೆ. ತಿಂಗಳಾದ ಮೇಲೆ ಹೋಗಿ ನೋಡಿದರೆ ಮಕ್ಕಳು ನೆಲದ ಮೇಲೇ ಇದ್ದಾರೆ, ಅದೂ ಎರಡು ಕೋಣೆಯಲ್ಲಿ ಒತ್ತೊತ್ತಾಗಿ. ಮೂರನೇ ಕೋಣೆಗೆ ಕೀಲಿ. ಹೆಡ್‌ಮಾಸ್ತರು ಹೆಮ್ಮೆಯಿಂದ ಕೀಲಿ ತೆಗೆದು ತೋರಿಸಿದರು. ಒಳಗೆ ಬೆಂಚುಗಳು ಪ್ಲಾಸ್ಟಿಕ್ ಸುತ್ತಿಕೊಂಡೇ ಕೂತಿದ್ದವು. ಒಂದು ಗೀಟೂ ಬಿದ್ದಿಲ್ಲ ನೋಡಿ ಅಂದರು. ಮಕ್ಕಳು ಕೂರುವುದು ಯಾವಾಗ ಅಂತ ಕೇಳಿದೆ.

"ಅದನ್ನ ಹೇಳಾಕತ್ತೀನ್ರಿ ಸರ್. ನಿಮ್ಮ ಕಂಪನಿಯವರು ಇನ್ನೊಂದು ಕೋಣಿ ಕಟ್ಟಿಸಿಕೊಟ್ರ ಮಕ್ಕಳು ನೆಲದ ಮ್ಯಾಲೆ ಆರಾಮ ಕುಂದರ್ತಾವು."

೩. ಸನ್ಮಾನ

ಆರನೇ ತಿಂಗಳು ದೊಡ್ಡ ಸಾಹೇಬರು ನನ್ನ ಕೆಲಸ ನೋಡಲು ಅದೇ ಊರಿಗೆ ಹೊರಟರು. ನಾನು ಶಾಲೆಯಲ್ಲಿ ಭಾಷಣ ಮಾಡಬೇಕಿತ್ತು. ಮೈಕು ಕಂಡರೆ ದೂರ ಸರಿಯುವ ನಾನು ಹದಿನೈದು ದಿನದಿಂದ ಆಫೀಸಿನ ಜೀಪಿನಲ್ಲಿ ಅದನ್ನೇ ಬಾಯಿಪಾಠ ಮಾಡುತ್ತಿದ್ದೆ. ಕೇಳುತ್ತಿದ್ದವನು ಡ್ರೈವರ್ ಒಬ್ಬನೇ.

ಊರ ಹತ್ತಿರ ಸಾಹೇಬರು, ಕೆರೆ ನೋಡಿಕೊಂಡು ನಡೆದೇ ಬರೋಣ ಅಂತ ನನ್ನ ಜೊತೆ ಇಳಿದರು. ಹೆಡ್‌ಮಾಸ್ತರೂ ಅಲ್ಲಿಗೇ ಬಂದು ಕೂಡಿಕೊಂಡರು. ಜೀಪು ಮುಂದೆ ಹೋಯಿತು. ಆ ಊರಿಗೆ ನಾನು ಯಾವಾಗಲೂ ಬಸ್ಸಿನಲ್ಲೇ ಹೋಗುತ್ತಿದ್ದರಿಂದ ಡ್ರೈವರನನ್ನು ಅಲ್ಲಿನವರು ಕಂಡಿರಲಿಲ್ಲ. ಬಿಳಿ ಯೂನಿಫಾರ್ಮು, ಗಿರಿಜಾ ಮೀಸೆ ಬೇರೆ. ನಾವು ಶಾಲೆ ಮುಟ್ಟುವಷ್ಟರಲ್ಲಿ ಊರವರು ಇವನೇ ದೊಡ್ಡ ಸಾಹೇಬ ಅಂದುಕೊಂಡು ಹಲಗೆ ಬಾರಿಸಿ ಕರೆತಂದು, ರುಮಾಲು ಸುತ್ತಿ, ಶಾಲು ಹೊದಿಸಿ ಅವನನ್ನು ಮೈಕಿನ ಮುಂದೆ ನಿಲ್ಲಿಸಿದ್ದರು. ಪಾಪ, ಅವನು ಬೇಡವೆಂದರೂ ಯಾರೂ ಕೇಳಿರಲಿಲ್ಲ. ಎರಡು ಮಾತಾಡಲೇಬೇಕು ಅಂತ ಗಂಟುಬಿದ್ದಾಗ ಅವನಿಗೆ ಗೊತ್ತಿದ್ದದ್ದು ಒಂದೇ ಭಾಷಣ, ನನ್ನದು. ತಡವರಿಸದೆ ಪೂರ್ತಿ ಒಪ್ಪಿಸಿದ. ತಾನು ಗಂಗಾವತಿಯ ರೈಸ್‌ಮಿಲ್ಲಿನಲ್ಲಿ ಗುಮಾಸ್ತನಾಗಿದ್ದವನು ಅನ್ನುವುದನ್ನೂ ಬಿಡಲಿಲ್ಲ. ಭಾರೀ ಚಪ್ಪಾಳೆ ಬಿತ್ತು.

ಮುಂದೆ ನನ್ನ ಹೆಸರು ಕೂಗಿದರು. ಹೇಳಲು ಏನೂ ಉಳಿದಿರಲಿಲ್ಲ.

"ನನ್ನ ಭಾಷಣ ಇವರು ಮಾಡಿ ಮುಗಿಸ್ಯಾರ್ರಿ. ಈ ಕೆಲಸ ನನಗ ಬರತೈತೋ ಇಲ್ಲೋ, ನನಗ ಗೊತ್ತಿಲ್ಲ. ನಿಮಗ ಏನು ಬೇಕಂತ ಇವತ್ತರ ಬಾಯಿಬಿಟ್ಟು ಹೇಳ್ರಿ, ಇಲ್ಲಂದ್ರ ನಾಳಿಂದ ನಾ ಮನ್ಯಾಗ."

ಜನ ನಕ್ಕರು. ಆಮೇಲೆ ಒಬ್ಬೊಬ್ಬರೇ ಎದ್ದು ತಮ್ಮ ಕಷ್ಟ ಹೇಳತೊಡಗಿದರು, ಸಾಹೇಬರು ಕೂತು ಬರೆದುಕೊಂಡರು. ಎರಡು ತಾಸು ಯಾರೂ ಏಳಲಿಲ್ಲ. ತಿರುಗಿ ಬರುವಾಗ ಸಾಹೇಬರು, ನಿಮ್ಮ ನೌಕರಿ ಕಾಯಂ ಅಂದರು. ನನ್ನ ಕಣ್ಣು ತುಂಬಿ ಬಂತು. ನನಗೂ ಈ ಕೆಲಸ ಬರುತ್ತದೆ ಅಂತ ಅವತ್ತೇ ಮೊದಲ ಸಲ ಅನಿಸಿದ್ದು.

ಶಾಲು ಹೊದ್ದುಕೊಂಡೇ ಜೀಪು ಓಡಿಸುತ್ತಿದ್ದ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಅಂದ:

"ನೀವೂ ಛಲೋ ಮಾತಾಡಿದ್ರಿ ಸರ್. ಇನ್ನೊಂದೀಟು ಪ್ರ್ಯಾಕ್ಟೀಸ್ ಬೇಕು, ಅಷ್ಟ."