ಟ್ರ್ಯಾಕ್ಟರಿನ ಹೊಟ್ಟೆಯಲ್ಲಿದ್ದ ಮಡ್ಡಿಯವರ ಸನ್ನಿಧಾನಕ್ಕೆ

ಮಾನ್ಯ ಎಂಜಿನ್ ಮಡ್ಡಿಯವರೇ,

ನಮ್ಮ ಹಳೆಯ ಟ್ರ್ಯಾಕ್ಟರಿನ ಆಯಿಲ್ ತೊಟ್ಟಿಯಲ್ಲಿ ಹತ್ತೊಂಬತ್ತು ವರ್ಷ ಯಾರ ಹಂಗೂ ಇಲ್ಲದೆ ಸುಖವಾಗಿದ್ದು ಕಳೆದ ವಾರವಷ್ಟೇ ಹೊರಬಿದ್ದ ತಮಗೆ, ಈ ಮನೆಯ ಸೊಸೆಯ ಅನಂತ ನಮಸ್ಕಾರಗಳು. ಎತ್ತಂಗಡಿ ಮಾಡಿಸಿದವಳೇ ಕ್ಷೇಮ ವಿಚಾರಿಸುವುದು ಕುಚೋದ್ಯವೆನಿಸಬಹುದು; ಆದರೂ ಒಂದು ದೂರಿದೆ, ದಯಮಾಡಿ ಆಲಿಸಬೇಕು.

ತಮ್ಮನ್ನು ಸಾಕಿ ಬೆಳೆಸಿದವರು ನಮ್ಮ ಯಜಮಾನರು. ಎಂಜಿನ್ ಆಯಿಲನ್ನು ಬದಲಿಸುವುದು ಅವರ ಜಾಯಮಾನವಲ್ಲ, ಕಡಿಮೆಯಾದಷ್ಟನ್ನು ಮೇಲಿನಿಂದ ಸುರಿಯುವುದಷ್ಟೇ. ಕೇಳಿದರೆ, "ಹಳೇದಕ್ಕೆ ಹೊಸದು ಸೇರಿದ್ರೆ ಎಲ್ಲಾ ಹೊಸದೇ ಅಲ್ವೇನೇ" ಎನ್ನುತ್ತಿದ್ದರು. ಈ ಔದಾರ್ಯದ ನೆರಳಿನಲ್ಲಿ ತಾವು ಮಸಿ, ಧೂಳು, ಕಬ್ಬಿಣದ ಪುಡಿಯೆಂಬ ಬಂಧುಬಳಗವನ್ನೆಲ್ಲ ಕೂಡಿಸಿಕೊಂಡು ಡಾಂಬರಿನಂತೆ ನೆಲೆಯೂರಿದಿರಿ. ಕೊನೆಗೊಂದು ದಿನ ಆಯಿಲ್ ಒತ್ತಡ ತೋರಿಸುವ ಮುಳ್ಳು ಸೊನ್ನೆಯ ಮೇಲೆ ಮಲಗಿಬಿಟ್ಟಿತು, ಎಂಜಿನ್ ಕಟಕಟನೆ ಹಲ್ಲು ಕಡಿಯಿತು. "ಇದರ ಕತೆ ಮುಗೀತು, ಸೋಮವಾರ ಗುಜರಿಯವನು ಬರ್ತಾನೆ" ಎಂದು ಯಜಮಾನರು ತೀರ್ಪು ಕೊಟ್ಟರು. ಉಳುವುದಕ್ಕೆ ನಮಗಿರುವುದು ಅದೊಂದೇ, ಓಡಿಸುವವಳೂ ನಾನೇ. ಮದುವೆಯಾದ ಹೊಸದರಲ್ಲಿ ಅತ್ತೆ ಬೀರುವಿನ ಕೀಲಿಗಿಂತ ಮೊದಲು ನನ್ನ ಕೈಗಿಟ್ಟದ್ದು ಅದರ ಕೀಲಿಯನ್ನು. ಹಾಗಾಗಿ ಶನಿವಾರ ಬೆಳಿಗ್ಗೆಯೇ ಮೇಸ್ತ್ರಿಯನ್ನು ಕರೆಸಿದೆ.

ಮೇಸ್ತ್ರಿ ಎಂಜಿನ್ ಬಿಸಿಮಾಡಿ ಕೆಳಗಿನ ಬೋಲ್ಟ್ ಬಿಚ್ಚಿದರು. ಜಪ್ಪಯ್ಯ ಎಂದರೂ ತಾವು ಇಳಿಯಲಿಲ್ಲ. ಐದು ನಿಮಿಷ ಬಗ್ಗಿ ನೋಡಿ, "ಅಕ್ಕಾ, ಇದು ತಾನಾಗಿ ಇಳಿಯಲ್ಲ, ಕೆರೀಬೇಕು" ಎಂದರು. ತೊಟ್ಟಿಯನ್ನೇ ಕಳಚಿ, ಅಡುಗೆಮನೆಯ ಸೌಟಿನಿಂದ ನಾನು ತಮ್ಮನ್ನು ಕೆರೆದೆ. ಆಯಿಲನ್ನು ಮೇಲೆಳೆಯುವ ದಾರಿಯಲ್ಲಿ ತಾವು ಮುಚ್ಚಿಹಾಕಿದ್ದ ಜಾಲರಿಯನ್ನು ಮೇಸ್ತ್ರಿ ಡೀಸೆಲ್ಲಿನಲ್ಲಿ ತೊಳೆದರು. ಬಳಿಕ ತೊಟ್ಟಿಯನ್ನು ಮತ್ತೆ ಕೂರಿಸಿ, ತೆಳು ಆಯಿಲಿಗೆ ಒಂದಿಷ್ಟು ಡೀಸೆಲ್ ಬೆರೆಸಿ ತುಂಬಿ, ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ ಇಳಿಸಿದೆವು. ಮೊದಲ ಸಲ ಕಾಡಿಗೆಯ ಬಣ್ಣದ್ದು ಬಂತು, ಎರಡನೆಯ ಸಲ ಕಾಫಿ, ಮೂರನೆಯ ಸಲಕ್ಕೆ ಜೇನು. ಭಾನುವಾರ ಮಧ್ಯಾಹ್ನ ಹೊಸ ಆಯಿಲ್ ಕುಡಿದ ಎಂಜಿನಿನ ಮುಳ್ಳು ನೆಟ್ಟಗೆ ಎದ್ದು ನಿಂತಾಗ, ಎರಡು ದಿನದಿಂದ ಮಾತಿಗೆ ಬಡತನವಿದ್ದ ಮೇಸ್ತ್ರಿಯೂ ಸಿಳ್ಳೆ ಹಾಕಿದರು.

ನನ್ನ ದೂರು ಶುರುವಾಗುವುದು ಇಲ್ಲಿಂದ. ಸಿಳ್ಳೆ ಮುಗಿಯುವ ಮೊದಲೇ ಮುಂದಿನ ಪುಲ್ಲಿಯ ಹಿಂದಿನಿಂದ ಆಯಿಲ್ ತೊಟ್ಟಿಕ್ಕತೊಡಗಿತು. "ಆಯಿಲ್ ಸೋರದ ಹಾಗೆ ತಡೆಯೋ ರಬ್ಬರ್ ಸೀಲು ಹರಿದು ಎಷ್ಟೋ ವರ್ಷ ಆಗಿದೆ ಅಕ್ಕಾ, ಇಷ್ಟು ದಿನ ಮಡ್ಡೀನೇ ತಡೆದು ಹಿಡಿದಿತ್ತು" ಎಂದರು ಮೇಸ್ತ್ರಿ. ಕುರ್ಚಿಯಿಂದೇಳದೆ ಯಜಮಾನರು, "ಅದಕ್ಕೇ ಮುಟ್ಟಬೇಡ ಅಂದಿದ್ದು" ಎಂದರು. ಸ್ವಾಮಿ, ಮನೆಹಾಳು ಕೆಲಸದ ನಡುವೆ ಇಂಥದೊಂದು ಪರೋಪಕಾರವನ್ನೂ ಸಂಬಳವಿಲ್ಲದೆ ನಡೆಸುತ್ತಿದ್ದಿರೆಂದು ಒಂದು ಮಾತು ತಿಳಿಸಬಾರದಿತ್ತೇ? ಜಾಲರಿಯ ಕಡೆ ತಲೆಹಾಕುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟು, ಆ ಸೀಲಿನ ಬಳಿ ಮಾತ್ರ ಒಂದು ಚಮಚದಷ್ಟು ತಾವು ಉಳಿದುಕೊಳ್ಳಬಾರದಿತ್ತೇ?

ಸೋಮವಾರ ಬಿಡಿಭಾಗದ ಅಂಗಡಿಯ ಬಾಗಿಲು ತೆರೆಯುವ ಮೊದಲೇ ನಾನು ಅಲ್ಲಿ ನಿಂತಿದ್ದೆ. ಮೇಸ್ತ್ರಿ ಒಂಬತ್ತಕ್ಕೆಲ್ಲ ಹೊಸ ಸೀಲು ಕೂರಿಸಿದರು. ಹನ್ನೊಂದಕ್ಕೆ ಗುಜರಿಯವನು ಬಂದಾಗ ನಾನು ಹೊಲದ ನಟ್ಟನಡುವೆ ಎಂಟನೆಯ ಸಾಲಿನಲ್ಲಿದ್ದೆ. ಅವನು ಬದುವಿನ ಮೇಲೆ ನಿಂತು ಕಣ್ಣರಳಿಸಿದನಂತೆ. ಅತ್ತೆ ಅವನಿಗೆ ನೀರು ಕೊಟ್ಟು, "ಗುಜರಿಗೆ ಹಾಕೋ ಅಂಥದ್ದು ಏನೂ ಇಲ್ಲಪ್ಪ. ನನ್ನ ಮಗನ ಕುರ್ಚಿ ಇದೆ, ಬೇಕಾದ್ರೆ ತಗೊಂಡು ಹೋಗು" ಎಂದರಂತೆ.

ಹೋದಲ್ಲಿ ತಾವು ಸುಖವಾಗಿರಿ, ಮರಳಿ ಬರುವ ಶ್ರಮ ತೆಗೆದುಕೊಳ್ಳಬೇಡಿ.

ಸೌಟಿನಿಂದ ಬೀಳ್ಕೊಟ್ಟರೂ ಇಂದಿಗೂ ತಮ್ಮ ವಿಶ್ವಾಸಿ,
ಟ್ರ್ಯಾಕ್ಟರ್ ಓಡಿಸುವವಳು

ವಿ.ಸೂ.: "ನಾನು ಅಷ್ಟು ಜೋಪಾನ ಮಾಡಿದ್ದಕ್ಕೇ ಎಂಜಿನ್ ಉಳೀತು" ಎಂದು ಯಜಮಾನರು ನಿನ್ನೆಯಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. ಸಾಕ್ಷಿಗೆ ಬೇಕಾದೀತೆಂದು ತಮ್ಮಲ್ಲಿ ಒಂದು ಪಾಲನ್ನು ಗಾಜಿನ ಭರಣಿಯಲ್ಲಿ ಮುಚ್ಚಿ, ಅವರು ಊಟಕ್ಕೆ ಕೂರುವ ಜಾಗದ ಎದುರಿನ ಕಪಾಟಿನಲ್ಲಿಟ್ಟಿದ್ದೇನೆ.