ಎಸೆನ್‌ಕುಲ್ ಮೇಷ್ಟ್ರ ಟೊಳ್ಳು ಗೋಡೆ

“ಮೇಸ್ತ್ರಿಯಂತೆ ಮೇಸ್ತ್ರಿ! ಮೂವತ್ತು ವರ್ಷ ರೇಖಾಗಣಿತ ಪಾಠ ಹೇಳಿದವನಿಗೆ ನಾಲ್ಕು ಚೌಕ ಅಂಟಿಸೋಕೆ ಬರಲ್ವಾ?” ಎಂದು ಎಸೆನ್‌ಕುಲ್ ಮೇಷ್ಟ್ರು ತಲೆಯ ಮೇಲಿನ ಬಿಳಿ ಉಣ್ಣೆಯ ಟೋಪಿ ಸರಿಪಡಿಸಿಕೊಂಡು ಘೋಷಿಸಿದರು.

ಭಾನುವಾರ ಬೀಗರಾಗುವವರು ಬಂದು ಮಗಳು ಜಿಪಾರಳ ಕಿವಿಗೆ ಓಲೆ ತೊಡಿಸಿ ಸಂಬಂಧ ಗಟ್ಟಿ ಮಾಡುವವರಿದ್ದರು. ಅಷ್ಟರೊಳಗೆ ಬಚ್ಚಲಿನ ಗೋಡೆಗೆ ನೀಲಿ ಹೂವಿನ ಪಿಂಗಾಣಿ ಟೈಲ್ಸ್ ಹಾಕಿ ನಾರಿನ್ ಊರನ್ನೇ ಬೆರಗುಗೊಳಿಸುವುದು ಮೇಷ್ಟ್ರ ಭೀಷಣ ಪ್ರತಿಜ್ಞೆ!

“ರೀ, ಬೀಗರು ಬರೋದು ಓಲೆ ಹಾಕೋಕೆ, ಸ್ನಾನ ಮಾಡೋಕಲ್ಲ,” ಎಂದಳು ಹೆಂಡತಿ ಬುರುಲ್.

“ಬಚ್ಚಲು ನೋಡಿದ್ರೆ ಮನೆತನ ಗೊತ್ತಾಗುತ್ತೆ ಕಣೇ!”

ಟೈಲ್ಸ್ ಡಬ್ಬಗಳು ಆಗಲೇ ಬಂದು ಬಾಯಿ ತೆರೆದುಕೊಂಡು ಬಚ್ಚಲಲ್ಲಿ ಕೂತಿದ್ದವು. ಆದರೆ ಮೊದಲು ಗೋಡೆ ತಯಾರಾಗಬೇಕು. ಬಡಿದು ನೋಡಬೇಕು, ಟೊಳ್ಳು ಸದ್ದು ಬಂದಲ್ಲಿ ಹಳೆಯ ಗಾರೆ ಕೆತ್ತಬೇಕು. ಶನಿವಾರ ಬೆಳಿಗ್ಗೆ ಮೇಷ್ಟ್ರು ಬಡಿದರು. ಟೊಳ್ಳು! ಕೆತ್ತಿ ಮತ್ತೆ ಬಡಿದರು. ಇನ್ನೂ ಟೊಳ್ಳು! ಬಿಡುವ ಆಸಾಮಿಯೇ? ಇನ್ನೂ ಜೋರಾಗಿ ಬೀಸಿದರು. ಅಡ್ಡಗೋಡೆ ಇರುವುದೇ ನಾಲ್ಕು ಬೆರಳು ದಪ್ಪ, ಅದರಾಚೆ ಪಡಸಾಲೆ ಎಂಬ ಗಣಿತ ಹೊಳೆದದ್ದು ಸುತ್ತಿಗೆ ಆ ಕಡೆ ಹೋದ ಮೇಲೆ.

ತೂತಿನಾಚೆ ಅತ್ತೆ ಸೈರಾ ಚಹಾ ಬಟ್ಟಲು ಹಿಡಿದು ಕೂತಿದ್ದರು. ಚಹಾದ ತುಂಬ ಗಾರೆಪುಡಿ.

“ಅಳಿಯಂದಿರೇ, ಬಾಗಿಲು ಆ ಕಡೆ ಇದೆ. ಚಹಾ ಬೇಕಿದ್ರೆ ಕರೆದಿದ್ರೆ ಸಾಕಿತ್ತು!”

“ಈಗಲಾದ್ರೂ ಮೇಸ್ತ್ರೀನ ಕರೀಲಾ?” ಎಂದಳು ಬುರುಲ್.

“ಬೇಡ! ತೂತು ಸೊಟ್ಟಗಿದೆ ಅಷ್ಟೆ. ಚೌಕ ಮಾಡ್ತೀನಿ!”

ಮಾಡಿದರು. ಸಂಜೆಯ ಹೊತ್ತಿಗೆ ಒಂದು ಕುರಿ ಆರಾಮಾಗಿ ದಾಟುವಂಥ, ನಾಲ್ಕೂ ಮೂಲೆ ಲಂಬಕೋನವಿರುವ ಚೌಕ! ಅತ್ತೆ ಪೆಟ್ಟಿಗೆ ತೆರೆದು, ತಮ್ಮ ಮದುವೆಯ ಕಾಲದ ಕಸೂತಿ ಪರದೆಯನ್ನು ಪಡಸಾಲೆಯ ಕಡೆಯಿಂದ ಅದರ ಮೇಲೆ ತೂಗುಹಾಕಿದರು.

ಭಾನುವಾರ ಬೀಗರು ನಾಲ್ಕು ಮಹಡಿ ಹತ್ತಿ ಬಂದರು. ಹೊಸಿಲಲ್ಲೇ ಹೂಜಿಯ ನೀರು ಹುಯ್ಯಿಸಿಕೊಂಡು ಕೈ ತೊಳೆದರು. ಬಚ್ಚಲಿನತ್ತ ಒಬ್ಬರೂ ಸುಳಿಯಲಿಲ್ಲ! ಮೇಷ್ಟ್ರು ನೆಮ್ಮದಿಯಿಂದ ಮಾಂಸದ ತಟ್ಟೆಗೆ ಕೈ ಹಾಕಿದರು.

“ಅಬ್ಬಾ, ಎಂಥಾ ಕಸೂತಿ! ಇಂಥದ್ದು ಈಗೆಲ್ಲಿ ಸಿಗುತ್ತೆ!” ಎಂದರು ಬೀಗಿತ್ತಿ, ಪರದೆಯನ್ನೇ ನೋಡುತ್ತ.

ಮೇಷ್ಟ್ರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಅತಿಥಿ ಹೊಗಳಿದ್ದು ಅತಿಥಿಯ ಪಾಲು. ತಾತನ ಕಾಲದ ಕಟ್ಟಳೆ. ಕೊಟ್ಟರೆ ಮಾನ ಬಯಲು. ಕೊಡದಿದ್ದರೆ ಜಿಪಾರಳ ಓಲೆ ಡಬ್ಬಿಯಲ್ಲೇ ಉಳಿದೀತು. ಹುಡುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮೇಷ್ಟ್ರು ಕೈ ಒರೆಸಿಕೊಂಡರು. ಎದ್ದರು.

“ಇನ್ನು ಇದು ನಿಮ್ಮದೇ!” ಎಂದು ಪರದೆಯನ್ನು ಮೊಳೆಯಿಂದ ಕಳಚಿಯೇಬಿಟ್ಟರು.

ಹುಡುಗನ ತಂದೆ ನಿಧಾನವಾಗಿ ಎದ್ದು ಚೌಕದೊಳಗೆ ತಲೆ ತೂರಿಸಿದರು. ಬಹಳ ಹೊತ್ತು ತೆಗೆಯಲಿಲ್ಲ. ಕೊನೆಗೆ ಒಳಗಿನಿಂದ ದನಿ ಬಂತು:

“ಬೀಗರೇ! ಇಲ್ಲಿರೋ ನೀಲಿ ಹೂವಿನ ಟೈಲ್ಸ್! ಏನು ಚೆಂದ, ಏನು ಚೆಂದ!”

ಜಿಪಾರಳ ಕಿವಿಗೆ ಓಲೆ ಬಿತ್ತು. ಏಳು ಡಬ್ಬ ಟೈಲ್ಸ್ ಬೀಗರ ಕಾರು ಸೇರಿದವು. ನಾಲ್ಕು ಮಹಡಿ ಇಳಿಸಿ ಹೊತ್ತವರು ಸ್ವತಃ ಮೇಷ್ಟ್ರೇ. ಏದುಸಿರು ಬಿಡುತ್ತ ಮೇಲೆ ಬಂದು ಬಚ್ಚಲಲ್ಲಿ ಮುಖ ತೊಳೆಯುವಾಗ, ಚೌಕದಲ್ಲಿ ಅತ್ತೆಯ ಮುಖ ಕಾಣಿಸಿಕೊಂಡಿತು.

“ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ನೀವು ತಯಾರು ಮಾಡಿದ ಗೋಡೇನ ಯಾರೂ ಹೊಗಳಲಿಲ್ಲ. ಅದಾದ್ರೂ ನಮಗೇ ಉಳೀತು!”