ಕಲಾಕೇಂದ್ರದ ಗೋಡೆಯ ಮೇಲೆ ನನ್ನ ಮುಖ

ಪುಕ್ಕಟೆ ಕೆಲಸ ಮಾಡುವವನಿಗೆ ಬರುವಷ್ಟು ಸೊಕ್ಕು ಸಂಬಳ ತೆಗೆದುಕೊಳ್ಳುವವನಿಗೆ ಬರುವುದಿಲ್ಲ. ಇದನ್ನು ಎರಡೂ ಕಡೆ ದುಡಿದ ಅನುಭವದಿಂದ ಹೇಳುತ್ತಿದ್ದೇನೆ. ನಿಪ್ಪಾಣಿಯ ಬಸ್‌ಸ್ಟ್ಯಾಂಡಿನಲ್ಲಿ ನಾನು ಬಹಳ ವರ್ಷ ಕಂಟ್ರೋಲರ್ ಆಗಿದ್ದೆ. ಚಿಕ್ಕೋಡಿ ಗಾಡಿಯಿರಲಿ, ಕೊಲ್ಹಾಪುರ ಗಾಡಿಯಿರಲಿ, ನಾನು ಮೈಕಿನಲ್ಲಿ ಒದರದೆ ಕದಲುತ್ತಿರಲಿಲ್ಲ. ನಿವೃತ್ತನಾದ ಮೇಲೆ ಒದರುವುದಕ್ಕೆ ಗಾಡಿಗಳಿಲ್ಲದೆ ಮನೆಯಲ್ಲೇ ಶುರುಮಾಡಿದೆ. ಒಂದು ಬೆಳಿಗ್ಗೆ "ಚಹಾ ಎಂಟು ನಿಮಿಷ ಲೇಟ್" ಎಂದದ್ದಕ್ಕೆ ನನ್ನ ಹೆಂಡತಿ ಸುಮಿತ್ರಾ ಕಪ್ಪು-ಬಸಿಯನ್ನು ನನ್ನ ಮುಂದೆ ಕುಕ್ಕಿದಳು. "ರೀ, ಆ ಹಳೇ ತಂಬಾಕಿನ ವಖಾರಿಯೊಳಗ ಊರ ಮಂದಿ ಸೇರಿ ಕಲಾಕೇಂದ್ರ ತೆಗದಾರಂತ. ಪುಕ್ಕಟೆ ದುಡಿಯಾವ್ರು ಬೇಕಾಗ್ಯಾರಂತ. ಅಲ್ಲಿ ಹೋಗಿ ಒದರ್ರಿ, ಪುಣ್ಯಾನರೆ ಬರತೈತಿ."

ಹೋದೆ. ಆ ಗೋದಾಮಿನಿಂದ ತಂಬಾಕು ಹೋಗಿ ಎಷ್ಟೋ ಕಾಲವಾಗಿದ್ದರೂ ಘಾಟು ಹೋಗಿರಲಿಲ್ಲ. ಕೇಂದ್ರವನ್ನು ನೋಡಲು ಬಂದವರೆಲ್ಲ ಮೊದಲು ಎರಡು ಸಲ ಸೀನಿ, ಆಮೇಲೆ ಕಣ್ಣೊರೆಸಿಕೊಳ್ಳುತ್ತಿದ್ದರು. ದೂರದಿಂದ ನೋಡಿದರೆ ಕಲೆಗೆ ಮನಸೋತವರಂತೆ ಕಾಣುತ್ತಿದ್ದರು. ಅಧ್ಯಕ್ಷರು ಅಣ್ಣಾಸಾಹೇಬರು, ದ್ರಾಕ್ಷಿ ತೋಟದ ಧಣಿ. ಅವರು ಕೊಟ್ಟ ಫಾರ್ಮಿನಲ್ಲಿ "ನಿಮಗೆ ಬರುವ ಕಲೆ" ಎಂಬ ಕಾಲಂ ಇತ್ತು. ಬಹಳ ಯೋಚಿಸಿ "ಸಮಯಪಾಲನೆ" ಎಂದು ಬರೆದೆ. ಅಣ್ಣಾಸಾಹೇಬರು ಅದನ್ನೋದಿ ನನ್ನ ಕೈಕುಲುಕಿದರು. ನಾವು ಹನ್ನೊಂದು ಜನ ಸದಸ್ಯರಾದೆವು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಸಹಕಾರ್ಯದರ್ಶಿ, ಸಲಹೆಗಾರರು ಎಲ್ಲರೂ ಇದ್ದೆವು. ಚಿತ್ರ ಬರೆಯಲು ಬರುವವರು ಮಾತ್ರ ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಮೊದಲ ಮೀಟಿಂಗಿನಲ್ಲಿ, ಮೊದಲ ಮೊಳೆಯನ್ನು ಯಾವ ಗೋಡೆಗೆ ಹೊಡೆಯಬೇಕೆಂಬುದರ ಮೇಲೆ ಮಧ್ಯಾಹ್ನವೆಲ್ಲ ಚರ್ಚೆಯಾಯಿತು. ಕೊನೆಗೆ ಒಂದು ಮೊಳೆ ಉಪಸಮಿತಿ ಮಾಡಿ ನನ್ನನ್ನು ಅದರ ಪ್ರಮುಖನನ್ನಾಗಿ ಮಾಡಿದರು. ಮನೆಗೆ ಬಂದು ಸುಮಿತ್ರಾಳಿಗೆ ಹೇಳಿದೆ. "ಸುತಗಿ ಯಾರ ತರಬೇಕಂತ?" ಎಂದು ಕೇಳಿದಳು. ನಮ್ಮ ಮನೆಯ ಸುತ್ತಿಗೆಯೇ ಹೋಯಿತು.

ಭಾನುವಾರ ಭಾನುವಾರ ಕಾಗವಾಡದಿಂದ ಡ್ರಾಯಿಂಗ್ ಮಾಸ್ತರರೊಬ್ಬರು ಬಂದು ಕಲಿಸತೊಡಗಿದರು. ಮೂರನೆಯ ವಾರ ಅವರು, ಮನುಷ್ಯರ ಮುಖ ಬರೆಯುವುದಕ್ಕೆ ಅಲುಗಾಡದೆ ಕೂರುವವರು ಒಬ್ಬರು ಬೇಕೆಂದರು. ಎಲ್ಲರೂ ನನ್ನ ಕಡೆಗೆ ತಿರುಗಿದರು. "ನೀವ ಕುಂದರ್ರಿ," ಎಂದರು ಅಣ್ಣಾಸಾಹೇಬರು. "ನಿಮಗ ಬ್ಯಾರೆ ಕೆಲಸ ಏನೂ ಬರಂಗಿಲ್ಲಲ್ರಿ." ನಾನು ಇದನ್ನು ಗೌರವವೆಂದೇ ತಿಳಿದೆ. ಹೊಸ ಅಂಗಿ ಹಾಕಿಕೊಂಡು, ಬಾಯಿ ಬಿಗಿದು, ಗಂಭೀರವಾಗಿ ಸ್ಟೂಲಿನ ಮೇಲೆ ಕುಳಿತೆ.

ಕಲಿಯಲು ಬಂದವರಲ್ಲಿ ಬೋರಗಾಂವದ ಗಂಗವ್ವ ಇದ್ದಳು. ಪ್ರಾಯದಲ್ಲಿ ಇದೇ ವಖಾರಿಯಲ್ಲಿ ತಂಬಾಕು ಆರಿಸುವ ಕೂಲಿಗೆ ಬರುತ್ತಿದ್ದವಳು. ಈಗ ಮೊಣಕಾಲು ನೋವು. ಆದರೂ ಬಸ್ಸು ಹತ್ತಿ ಬರುತ್ತಿದ್ದಳು. ಎಲ್ಲರೂ ಬರೆದು ಮುಗಿಸಿದ ಮೇಲೆ ಹೋಗಿ ನೋಡಿದೆ. ಉಳಿದವರ ಹಾಳೆಗಳಲ್ಲಿ ನಾನು ಸುಮಾರಾಗಿ ಮನುಷ್ಯನಂತಿದ್ದೆ. ಗಂಗವ್ವನ ಹಾಳೆಯಲ್ಲಿ ಕೈ ಎತ್ತಿ, ಬಾಯಿ ಅಗಲಿಸಿ, ಎದುರಿಗಿರುವ ಯಾರನ್ನೂ ನೋಡದ ಕಣ್ಣುಗಳಿಂದ ಒದರುತ್ತಿದ್ದೆ.

"ನಾ ಬಾಯಿ ಮುಚಗೊಂಡ ಕುಂತಿದ್ದೆನಲ್ಲವಾ?" ಎಂದೆ.

"ಮುಚ್ಚಿದ್ರಿ ಖರೆ. ನನಗ ಹಂಗ ಕಾಣಲಿಲ್ರಿ ಸಾಹೇಬ್ರ." ಅವಳು ಪೆನ್ಸಿಲ್ ಕೆತ್ತುತ್ತಲೇ ಹೇಳಿದಳು. "ಒಂದಿನ ಬೋರಗಾಂವ ಗಾಡಿ ನನ್ನ ಕಣ್ಣ ಮುಂದ ಬಿಟ್ರಿ. ಕೂಸಿಗೆ ಜ್ವರ ಅಂತ ಓಡಿ ಬಂದಿದ್ದೆ. 'ಜಲ್ದಿ ಬರಾಕ ಏನಾಗಿತ್ತಬೇ' ಅಂತ ಮೈಕಿನಾಗ ಒದರಿದ್ರಿ. ಬಸ್‌ಸ್ಟ್ಯಾಂಡಿನ ಮಂದಿ ಎಲ್ಲಾ ನಕ್ಕರು. ನಡಕೋತ ಹ್ವಾದೆ."

ನನಗೆ ನೆನಪಿರಲಿಲ್ಲ. ಅಂಥ ಎಷ್ಟು ಜನರಿಗೆ ಒದರಿದ್ದೆನೋ, ಲೆಕ್ಕ ಇಟ್ಟವರಾರು? "ಕೂಸು?" ಎಂದೆ.

"ಆರಾಮ ಆತ್ರಿ. ಈಗ ಅಕಿಗೇ ಎರಡು ಮಕ್ಕಳು," ಎಂದು ನಕ್ಕಳು. ಸಿಟ್ಟಿನಿಂದ ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ನಕ್ಕದ್ದರಿಂದ ಆ ದಾರಿಯೂ ಮುಚ್ಚಿತು.

ಚಿತ್ರಗಳ ಪ್ರದರ್ಶನ ನಿಗದಿಯಾಯಿತು. ಯಾವ ಚಿತ್ರ ಎಲ್ಲಿ ಎಂಬುದು ಮೊಳೆ ಉಪಸಮಿತಿಯ, ಅಂದರೆ ನನ್ನ, ಪರಮಾಧಿಕಾರ. ಅಧಿಕಾರವನ್ನು ಪ್ರಾಮಾಣಿಕವಾಗಿ ಚಲಾಯಿಸಿ ಗಂಗವ್ವನ ಚಿತ್ರವನ್ನು ಬಾಗಿಲ ಹಿಂದೆ, ಬಾಗಿಲು ತೆರೆದರೆ ಮುಚ್ಚಿಹೋಗುವ ಜಾಗದಲ್ಲಿ ತೂಗುಹಾಕಿದೆ. ಪ್ರದರ್ಶನದ ದಿನ ಸುಮಿತ್ರಾ ಬಂದಳು. ನಾನು ನೂರು ಸಲ ಹುಡುಕಿದರೂ ಸಿಗದ ಚಷ್ಮಾವನ್ನು ನನ್ನ ಹಣೆಯ ಮೇಲಿಂದಲೇ ತೆಗೆದುಕೊಡುವ ಹೆಂಗಸು. ಬಾಗಿಲು ಅವಳಿಗೆ ಯಾವ ಲೆಕ್ಕ! ಸರಿಸಿ ನೋಡಿದಳು.

"ಇದನ್ಯಾಕ ಇಲ್ಲಿ ಹಾಕೀರಿ?"

"ಆ ಕಡೆ ಗ್ವಾಡಿಗೆ ಬೆಳಕು ಸರಿ ಇಲ್ಲ."

"ಉಳದವು ಯಾರ್ದೋ ಮುಖ ಅದಾವ್ರಿ. ಇದೊಂದ ನೀವು. ತಗದು ಎದುರಿನ ಗ್ವಾಡಿಗೆ ಹಾಕ್ರಿ."

ಗಂಗವ್ವ ಪಕ್ಕದಲ್ಲೇ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. "ಬ್ಯಾಡ ಬಿಡ್ರಿ ಅಕ್ಕಾರ, ಸಾಹೇಬ್ರು ನೊಂದಾರು" ಎಂದಳು. ಅವಳು ಹಾಗೆಂದ ಮೇಲೆ ಹಾಕದೆ ಗತಿಯಿರಲಿಲ್ಲ. ಸ್ಟೂಲು ಹತ್ತಿ, ನನ್ನ ಮನೆಯ ಸುತ್ತಿಗೆಯಿಂದ ನಾನೇ ಮೊಳೆ ಹೊಡೆದು, ನನ್ನನ್ನೇ ನಟ್ಟನಡುವೆ ನೇತುಹಾಕಿದೆ. ಇಳಿದ ಮೇಲೆ, "ಗಂಗವ್ವಾ, ಅವತ್ತು ನಂದು ತಪ್ಪಾತು" ಎಂದೆ. ಮೈಕಿಲ್ಲದೆ ಹೇಳಿದ್ದರಿಂದಲೋ ಏನೋ, ಬಹಳ ಸಣ್ಣಗೆ ಕೇಳಿಸಿತು. ಅವಳು ತಲೆಯಾಡಿಸಿದಳು.

ಅಂತೂ ನಾನು ತಿದ್ದಿಕೊಂಡೆ ಎಂದು ಹೆಮ್ಮೆಪಡುತ್ತ ಚಿತ್ರದ ಕೆಳಗೆ ಕಾವಲು ನಿಂತಿದ್ದೆ. ಐಗಳಿಯಿಂದ ಬಂದ ಹಿರಿಯರೊಬ್ಬರು ಚಿತ್ರದ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, "ಭಾಳ ಚಂದ ತಗದಾರ್ರಿ. ಯಾರಿಂವ, ಇಷ್ಟ ಒದರಾಕತ್ತಾಂವ?" ಎಂದು ಕೇಳಿದರು.

"ಗೊತ್ತಿಲ್ರಿ," ಎಂದೆ. "ನಾ ಇಲ್ಲಿ ಬರೇ ಸ್ವಯಂಸೇವಕ."

ಅವರು ಚಿತ್ರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಬಹಳ ಮರ್ಯಾದಸ್ಥರು. ಮುಂದಿನ ಚಿತ್ರಕ್ಕೆ ಹೋದರು.